ಕುಬಸದ ಎರಡು ಎಡತೋಳುಗಳು

ಕಳೆದ ತಿಂಗಳು ಮಹಾಲಿಂಗಪುರದಲ್ಲಿ ನಡೆದ ಒಂದು ಮದುವೆಯ ಊಟದ ಸಾಲಿನಲ್ಲಿ ನನ್ನ ಮಗ್ಗುಲಿಗೆ ಕುಳಿತಿದ್ದ ಹೆಂಗಸು, ದೂರದ ಸಂಬಂಧದಲ್ಲಿ ನನಗೆ ಸೊಸೆಯಾಗಬೇಕಾದವಳು, ತನ್ನ ಮಗಳಿಗೆ ನನ್ನ ಗುರುತು ಹೇಳಿದಳು. ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಮೂವತ್ತೊಂದು ವರ್ಷ ಹೊಲಿಗೆ ಕಲಿಸಿದವಳೆಂದು ಅವಳು ಹೇಳಬಹುದಾಗಿತ್ತು. ಅವಳೇ ಆ ದಿನ ತೊಟ್ಟಿದ್ದ ರವಿಕೆಯ ಕೊರಳಿನ ತಿರುವನ್ನು ಹೊಲಿದವಳು ನನ್ನಲ್ಲಿ ಕಲಿತ ಹುಡುಗಿಯೆಂದೂ ಹೇಳಬಹುದಾಗಿತ್ತು. ಅವಳು ಹೇಳಿದ್ದು ಬೇರೆ.

“ಇವರ ನೋಡವಾ, ಎಡತೋಳ ಕಮಲವ್ವಾರು.”

“ಯಾಕ? ಅಜ್ಜಿ ಎಡಚಿ ಅದಾರೇನು?”

“ಅಲ್ಲಬೇ. ಸಣ್ಣಾಕಿ ಇದ್ದಾಗ ತಮ್ಮಕ್ಕನ ಕುಬಸದ ಕುಪ್ಪಸಕ್ಕ ಎರಡೂ ಎಡಗೈ ತೋಳ ಕತ್ತರಿಸಿ ಇಟ್ಟಿದ್ರಂತ. ಪಾಪ, ಹುಡುಗಿ ಇದ್ರಲ್ಲ, ಏನ ತಿಳೀತೈತಿ.”

ಆ ಸಂಗತಿ ನಡೆದಾಗ ಈ ಹೆಂಗಸು ಹುಟ್ಟಿಯೇ ಇರಲಿಲ್ಲ. ಹುಟ್ಟುವ ಮೊದಲೇ ನಡೆದ ತಪ್ಪಿಗೆ ‘ಪಾಪ’ ಎಂದು ಕನಿಕರ ತೋರಿಸುವ ಅಧಿಕಾರವನ್ನು ಇವಳಿಗೆ ಯಾರು ಕೊಟ್ಟರೆಂದು ನಾನು ಕೇಳಲಿಲ್ಲ. ಎಲೆಯ ಮೇಲಿನ ಶೇಂಗಾ ಹೋಳಿಗೆಯನ್ನು ಬಲಗೈಯಿಂದಲೇ ಮುರಿದೆ. ಆದರೆ ಮನೆಗೆ ಬಂದು ನನ್ನ ನೆನಪುಗಳ ಈ ಅಧ್ಯಾಯವನ್ನು ಬರೆಯಲು ಕುಳಿತೆ. ಬರೆದರೆ ನೊಂದುಕೊಳ್ಳಬಹುದಾಗಿದ್ದವರು ಯಾರೂ ಈಗ ಉಳಿದಿಲ್ಲ. ಆದ್ದರಿಂದ ಮೊದಲ ಮಾತಾಗಿ ಇದನ್ನು ದಾಖಲಿಸುತ್ತೇನೆ: ಆ ತೋಳುಗಳನ್ನು ನಾನು ಕತ್ತರಿಸಲಿಲ್ಲ. ಆಗ ನನಗೆ ಹನ್ನೊಂದು ವರ್ಷ. ನಮ್ಮ ಮನೆಯ ಕತ್ತರಿಯನ್ನು ಮುಟ್ಟುವ ಅನುಮತಿಯೇ ನನಗಿರಲಿಲ್ಲ.

ನಮ್ಮ ಮನೆ ಇದ್ದದ್ದು ರಬಕವಿಯಲ್ಲಿ. ಬೀದಿಗೆ ತೆರೆಯುವ ಕೋಣೆಯಲ್ಲಿ ಎರಡು ಕುಣಿಮಗ್ಗಗಳು. ಒಂದರಲ್ಲಿ ಅಪ್ಪ ಸೀರೆ ನೇಯುತ್ತಿದ್ದ, ಇನ್ನೊಂದು ತೀರಿಹೋದ ದೊಡ್ಡಪ್ಪನದು, ಅದರ ಮೇಲೆ ನೂಲಿನ ಲಡಿಗಳನ್ನು ಹರವುತ್ತಿದ್ದರು. ಮಗ್ಗದ ಕೋಣೆಯ ಹಿಂದೆ ನಡುಮನೆ, ಅದರಾಚೆ ಅಡಿಗೆಮನೆ. ನಡುಮನೆಗೆ ಕಿಟಕಿ ಇರಲಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಇಳಿದ ಬಿಸಿಲು ಹಾಸುಗಲ್ಲಿನ ಮೇಲೆ ಒಂದು ಚೌಕವಾಗಿ ಬಿದ್ದು, ಬೆಳಗಿನಿಂದ ಸಂಜೆಯವರೆಗೆ ಪಡುವಣ ಗೋಡೆಯಿಂದ ಮೂಡಣ ಗೋಡೆಗೆ ನಡೆಯುತ್ತಿತ್ತು. ಆ ಚೌಕದೊಳಗೆ ಚಾಪೆ ಹಾಸಿಕೊಂಡು ಹೊಲಿಯುತ್ತ ಕುಳಿತಿರುತ್ತಿದ್ದವಳು ನಮ್ಮ ದೊಡ್ಡವ್ವ, ಎಂದರೆ ಆ ದೊಡ್ಡಪ್ಪನ ಹೆಂಡತಿ ಗಂಗವ್ವ. ಮಕ್ಕಳಿಲ್ಲದ ವಿಧವೆ. ಬಿಸಿಲು ಸರಿದಂತೆ ಅವಳೂ ಚಾಪೆಯನ್ನು ಸರಿಸಿಕೊಳ್ಳುತ್ತಿದ್ದಳು. ಮಧ್ಯಾಹ್ನ ನಾವು ರೊಟ್ಟಿ ಪುಂಡಿಪಲ್ಯ ಉಣ್ಣುವ ಹೊತ್ತಿಗೆ ಅವಳ ಚಾಪೆ ನಡುಮನೆಯ ನಟ್ಟನಡುವೆ ಇರುತ್ತಿತ್ತು. ಅಪ್ಪ ಕೂಡ ಅವಳನ್ನು ಬಳಸಿಕೊಂಡು ನಡೆಯುತ್ತಿದ್ದನೇ ಹೊರತು ಸರಿಯೆಂದು ಹೇಳಿದ್ದನ್ನು ನಾನು ಕಾಣೆ. ಬಿಸಿಲಿನ ಹಿಂದೆ ಹಿಂದೆ ಅವಳು ಯಾಕೆ ಹೋಗುತ್ತಾಳೆಂದು ನಾನು ಆಗ ಯೋಚಿಸಲಿಲ್ಲ. ಇದನ್ನು ನನ್ನ ಸ್ವಂತ ತಪ್ಪುಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಆ ಪಟ್ಟಿ ಚಿಕ್ಕದು.

ಓಣಿಯ ಹೆಂಗಸರೆಲ್ಲ ತಮ್ಮ ಖಣಗಳನ್ನು ಹಿಡಿದು ದೊಡ್ಡವ್ವನ ಹತ್ತಿರ ಬರುತ್ತಿದ್ದರು. ಖಣವೆಂದರೆ ಎರಡೂ ಬದಿಗೆ ದಡಿಯಿಟ್ಟು ನೇಯ್ದ, ಒಂದು ಕುಪ್ಪಸಕ್ಕೆ ಸರಿಹೋಗುವಷ್ಟೇ ಬಟ್ಟೆ. ಅದರಲ್ಲಿ ಬೆನ್ನಿನ ತುಂಡು, ಎದೆಯ ಎರಡು ತುಂಡು, ಎರಡು ತೋಳು, ಸೊಂಟದ ಪಟ್ಟಿ ಎಲ್ಲವೂ ಹೊರಡಬೇಕು; ತೋಳಿನ ತುದಿಗೆ ದಡಿಯೇ ಬರಬೇಕು; ಹೊಲಿಗೆಯ ಒಳಗೆ ಬಿಡುವ ಬಟ್ಟೆಯೂ ಉಳಿಯಬೇಕು. ಈ ಲೆಕ್ಕವನ್ನು ದೊಡ್ಡವ್ವ ಟೇಪು ಹಿಡಿಯದೆ ಗೇಣು, ಬೆರಳುಗಳಲ್ಲೇ ಮಾಡುತ್ತಿದ್ದಳು. ಒಳಗೆ ಎಷ್ಟು ಬಟ್ಟೆ ಬಿಡಬೇಕೆಂಬ ವಿಷಯಕ್ಕೆ ಅವಳಿಗೂ ಅವ್ವನಿಗೂ ವಾರಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು. ಅವ್ವನ ವಾದ ಎರಡು ಬೆರಳು, ದೊಡ್ಡವ್ವನ ವಾದ ಒಂದೇ ಬೆರಳು.

“ಹೆಣಮಕ್ಕಳ ಮೈ ಒಂದ ಅಳತ್ಯಾಗ ಇರತೈತೇನಕ್ಕಾ? ಬಸರ, ಬಾಣಂತಿ, ಎಲ್ಲಾದಕೂ ಬಿಚ್ಚಿ ಸಡಲ ಮಾಡಾಕ ಒಳಗ ಅರಿವಿ ಬೇಕ.”

“ಒಳಗ ಅರಿವಿ ತುರುಕಿದ್ರ ಅದಕ ಕುಪ್ಪಸ ಅನ್ನೂದಿಲ್ಲ, ಕೌದಿ ಅಂತಾರ.”

ಈ ಜಗಳದಲ್ಲಿ ಇಬ್ಬರೂ ಸೋಲಲಿಲ್ಲ. ದೊಡ್ಡವ್ವ ಒಂದು ಬೆರಳು ಬಿಟ್ಟು ಕತ್ತರಿಸುತ್ತಿದ್ದಳು, ಅವ್ವ ಸುಮ್ಮನೆ ಹೊಲಿಗೆಯನ್ನು ಅಂಚಿಗೆ ಸರಿಸಿ, ಕುಪ್ಪಸವನ್ನೇ ಸಡಿಲ ಮಾಡಿ ಹೊಲಿಯುತ್ತಿದ್ದಳು.

ನಾನು ಎಂಟನೆಯ ವಯಸ್ಸಿಗೆ ಆ ಚಾಪೆಯ ಅಂಚಿಗೆ ಬಂದು ಕುಳಿತೆ. ದೊಡ್ಡವ್ವ ಕಲಿಸುತ್ತಿದ್ದ ಕ್ರಮವನ್ನು ನಾನು ಮುಂದೆ ಶಾಲೆಯಲ್ಲಿ ಒಂದಿಷ್ಟೂ ಬದಲಿಸಲಿಲ್ಲ, ಅವಳು ಕಲಿಸುತ್ತಿದ್ದ ರೀತಿಯನ್ನು ಮಾತ್ರ ಪೂರ್ತಿಯಾಗಿ ಬದಲಿಸಿದೆ. ಮೊದಲು ಕಚ್ಚಾ ಹೊಲಿಗೆ: ತುಂಡುಗಳನ್ನು ತಾತ್ಕಾಲಿಕವಾಗಿ ಕೂಡಿಸಿ ನೋಡಲು ಹಾಕುವ ಉದ್ದುದ್ದ ಎಳೆ, ಆಮೇಲೆ ಕಿತ್ತು ತೆಗೆಯುವಂಥದು. ಅನಂತರ ಬಖಿಯಾ: ಸೂಜಿ ಒಂದು ಹೆಜ್ಜೆ ಹಿಂದೆ ಬಂದು ಎರಡು ಹೆಜ್ಜೆ ಮುಂದೆ ಹೋಗುವ, ಜಗ್ಗಿದರೂ ಬಿಚ್ಚದ ಹೊಲಿಗೆ. ಆಮೇಲೆ ಅಂಚು ಮಡಚಿ ಹೊರಗೆ ಕಾಣದ ಹಾಗೆ ಹೊಲಿಯುವ ತುರಪಿ. ಕೊನೆಗೆ ಗುಂಡಿಯ ಕಾಜ. ಒಂದೊಂದಕ್ಕೂ ಅವಳು ನನ್ನಿಂದ ತಿಂಗಳುಗಟ್ಟಲೆ ಮಾಡಿಸಿದಳು. ನಾನು ಹಾಕಿದ ಮೊದಲ ತುರಪಿಯನ್ನು ಅವಳು ಮೂರು ಸಲ ಬಿಚ್ಚಿದಳು. ಮೂರನೆಯ ಸಲ ಬಿಚ್ಚುವಾಗ ನೆರೆಮನೆಯ ನಾಲ್ವರು ಹೆಂಗಸರು ಖಣ ಹಿಡಿದು ಎದುರಿಗೇ ಕುಳಿತಿದ್ದರು.

“ತುರಪಿ ಅಂದ್ರ ಇರುವಿ ಸಾಲ ಹೋದಂಗ ಇರಬೇಕ. ನೀ ಎತ್ತ ಉಚ್ಚಿ ಹೊಯ್ಕೋತ ಹೋದಂಗ ಹೊಲದೀದಿ. ನೋಡ್ರಿ, ನೀವೂ ಮುಟ್ಟಿ ನೋಡ್ರಿ.”

ಆ ನಾಲ್ವರೂ ಮುಟ್ಟಿ ನೋಡಿದರು. ಆ ನಾಲ್ವರ ಹೆಸರೂ ನನಗೆ ಗೊತ್ತಿದೆ. ‘ಮುಟ್ಟಿ ನೋಡ್ರಿ’ ಎಂಬ ಮಾತನ್ನು ಮಾತ್ರ ಆಗ ನಾನು ಗಮನಿಸಲಿಲ್ಲ. ಹೊಲಿಗೆಯನ್ನು ಕಣ್ಣಿಂದ ನೋಡುತ್ತಾರೆ. ದೊಡ್ಡವ್ವ ಆ ಹೊತ್ತಿಗಾಗಲೇ ಬೆರಳಿನಿಂದ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಅವಳು ನನಗೆ ವಹಿಸಿದ್ದಳು. ‘ಅದು ಕಲಿಯುವವರ ಕೆಲಸ’ ಎನ್ನುತ್ತಿದ್ದಳು, ನಾನು ನಂಬಿದ್ದೆ. ಬಟ್ಟೆಯನ್ನು ಹಾಸುವ ಮೊದಲು ಅದರ ಮೈಮೇಲೆ ಹೆಬ್ಬೆರಳನ್ನು ಹಿಂದೆ ಮುಂದೆ ಆಡಿಸುವುದು ಅವಳ ರೂಢಿ. ಖಣದ ಹಿಂಬದಿಯಲ್ಲಿ ನೇಯ್ಗೆಯ ಹೂಬೂಟಿಗಳ ಎಳೆಗಳು ಎದ್ದು ನಿಂತು ಕೈಗೆ ಒರಟಾಗಿ ಹತ್ತುತ್ತವೆ, ಮುಂಬದಿ ನುಣುಪಾಗಿರುತ್ತದೆ. ಅವಳ ಹೆಬ್ಬೆರಳು ಕೇಳುತ್ತಿದ್ದದ್ದು ಆ ಒಂದು ಪ್ರಶ್ನೆಯನ್ನು: ಯಾವುದು ಮುಖ, ಯಾವುದು ಬೆನ್ನು.

ಕತ್ತರಿ ಅವಳ ತಲೆದಿಂಬಿನ ಬದಿಯ ಮರದ ಪೆಟ್ಟಿಗೆಯಲ್ಲಿ, ಎಣ್ಣೆ ಹಚ್ಚಿದ ಅರಿವೆಯಲ್ಲಿ ಸುತ್ತಿಕೊಂಡಿರುತ್ತಿತ್ತು. ಅದು ಗಂಡಾಳಿನ ಕೈಗೆ ಮಾಡಿದ ದಪ್ಪ ಕಬ್ಬಿಣದ ಕತ್ತರಿ. ನನ್ನ ಬೆರಳುಗಳನ್ನು ಅದರ ಹಿಡಿಕೆಯೊಳಗೆ ತೂರಿಸಿದರೆ ಮುಂಗೈಯೇ ಒಳಗೆ ಹೋಗುತ್ತಿತ್ತು. ಒಮ್ಮೆ ತೂರಿಸಿ ನೋಡಿದ್ದಕ್ಕೆ ಬೆನ್ನಿಗೆ ಗುದ್ದು ತಿಂದಿದ್ದೆ. ಅವ್ವ ಕೂಡ ಹೊಲಿಯುತ್ತಿದ್ದಳೇ ಹೊರತು ಕತ್ತರಿಸುತ್ತಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಖಣವೇ ಹೋಯಿತು. ಆ ಮನೆಯಲ್ಲಿ ದೊಡ್ಡವ್ವನ ಸ್ಥಾನವೆಂಬುದು ಏನಿತ್ತೋ ಅದೆಲ್ಲ ಆ ಪೆಟ್ಟಿಗೆಯೊಳಗಿತ್ತು.

ನನ್ನ ಅಕ್ಕ ನೀಲವ್ವನನ್ನು ಮುಧೋಳಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿಯಾದಳು. ನಮ್ಮ ಕಡೆ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹೊಸ ಕುಪ್ಪಸ ತೊಡಿಸಿ, ಉಡಿ ತುಂಬುವ ಕಾರ್ಯಕ್ಕೆ ಕುಬಸವೆನ್ನುತ್ತಾರೆ. ಆ ಕುಪ್ಪಸದಿಂದಲೇ ಕಾರ್ಯಕ್ಕೆ ಹೆಸರು ಬಂದಿದೆ. ನಮ್ಮ ಮನೆಯಲ್ಲಿ ಆ ಕುಪ್ಪಸಕ್ಕೆ ಬೇರೆಯೇ ಕಟ್ಟಳೆಗಳಿದ್ದವು. ಅದನ್ನು ಮನೆಯಲ್ಲಿಯೇ, ಕೈಯಿಂದಲೇ ಹೊಲಿಯಬೇಕು. ಅದಕ್ಕೆ ಕಚ್ಚಾ ಹೊಲಿಗೆ ಹಾಕಿ ಕೀಳಬಾರದು. ಒಮ್ಮೆ ಹಾಕಿದ ಎಳೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಬಿಚ್ಚಿದರೆ ಹೊಟ್ಟೆಯೊಳಗಿನ ಕೂಸಿಗೆ ಕೇಡು. ಎಂದರೆ, ಬೇರೆ ಎಲ್ಲ ಬಟ್ಟೆಗೂ ಇರುವ ಪರೀಕ್ಷೆ ಈ ಒಂದಕ್ಕೆ ಇರಲಿಲ್ಲ. ಹೊಲಿಗೆಯ ಶಿಕ್ಷಕಿಯಾಗಿ ಈ ಕಟ್ಟಳೆಯ ಬಗ್ಗೆ ನನಗೆ ಆಕ್ಷೇಪವಿದೆ, ಆದರೆ ಅದು ಇತ್ತು.

ಇನ್ನೊಂದು ತೊಡಕೂ ಇತ್ತು. ಅಕ್ಕನ ಅತ್ತೆ, ನಮ್ಮ ಮುಧೋಳದ ಬೀಗತಿ, ಕುಬಸದ ದಿನ ಗೊತ್ತುಮಾಡಿದಾಗಲೇ ಅವ್ವನಿಗೆ ಹೇಳಿ ಕಳಿಸಿದ್ದಳು: ಕುಬಸದ ಖಣಕ್ಕೆ ಮುತ್ತೈದೆಯ ಕೈ ಬೀಳಬೇಕು. ಯಾರ ಕೈ ಬೀಳಬಾರದೆಂಬುದನ್ನು ಆಕೆ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಅವ್ವ ಆ ಮಾತನ್ನು ದೊಡ್ಡವ್ವನ ಕಿವಿಗೆ ಹಾಕಲಿಲ್ಲ. ಖಣವನ್ನು ತಂದು ಅವಳ ಚಾಪೆಯ ಮೇಲೆಯೇ ಇಟ್ಟಳು.

“ನೀನ ಕತ್ತರಸಕ್ಕಾ. ನೀಲವ್ವನ್ನ ತೊಡಿ ಮ್ಯಾಲ ಹಾಕ್ಕೊಂಡ ಎರದಾಕಿ ನೀನ.”

ಆ ಖಣ ಬನಹಟ್ಟಿಯ ಅಂಗಡಿಯಿಂದ ಬಂದದ್ದು. ಯಂತ್ರದ ಮಗ್ಗದಲ್ಲಿ, ಕೃತಕ ರೇಶಿಮೆಯ ನೂಲಿನಿಂದ ನೇಯ್ದ ಹೊಸ ನಮೂನೆಯ ಮಾಲು. ಗಿಳಿಹಸಿರು ಬಣ್ಣ, ಕೆಂಪು ದಡಿ. ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಮಗ್ಗದವನ ಕಣ್ಣಿನಿಂದ ನೋಡಿ, ಇದಕ್ಕೆ ಹಿಂದು ಮುಂದು ಎಂಬುದೇ ಇಲ್ಲವೆಂದು ಮುಖ ಸಿಂಡರಿಸಿದ್ದ. ಹಿಂದು ಮುಂದು ಇತ್ತು. ಹಿಂಬದಿಯಲ್ಲಿ ಹಸಿರು ಸ್ವಲ್ಪ ಮಂಕಾಗಿತ್ತು, ಬೂಟಿಯ ಅಂಚು ಮಸುಕಾಗಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು. ಕೈಗೆ ಎರಡೂ ಒಂದೇ.

ಕತ್ತರಿಸಿದ ದಿನ ನಾನು ಪಕ್ಕದಲ್ಲಿಯೇ ಇದ್ದೆ. ದೊಡ್ಡವ್ವ ಖಣದ ಮೇಲೆ ಹೆಬ್ಬೆರಳನ್ನು ಆಡಿಸಿದಳು. ಮತ್ತೆ ತಿರುವಿ ಆಡಿಸಿದಳು. ಎಂದಿಗಿಂತ ಹೆಚ್ಚು ಹೊತ್ತು ಆಡಿಸಿದಳು. ಆಮೇಲೆ ಬೆನ್ನು ಎದೆಗಳನ್ನು ಕತ್ತರಿಸಿ ಇಟ್ಟು, ಒಂದು ತೋಳನ್ನು ಕತ್ತರಿಸಿದಳು. ತೋಳಿನ ವಿಷಯವನ್ನು ಇಲ್ಲಿ ವಿವರಿಸಲೇಬೇಕು. ತೋಳು ಹೆಗಲಿಗೆ ಸೇರುವ ಕಡೆ ಬಾಗಿರುತ್ತದೆ. ಆ ಬಾಗು ಎದೆಯ ಕಡೆಗೆ ಆಳ, ಬೆನ್ನಿನ ಕಡೆಗೆ ಕಡಿಮೆ. ಆದ್ದರಿಂದ ಎಡತೋಳೂ ಬಲತೋಳೂ ಕನ್ನಡಿಯಲ್ಲಿ ನೋಡಿದಂತೆ ಒಂದಕ್ಕೊಂದು ತಿರುಗಿರಬೇಕು. ಬಟ್ಟೆ ಸಾಲದಿದ್ದಾಗ ಒಂದು ತೋಳನ್ನು ಮೊದಲು ಕತ್ತರಿಸಿ, ಅದನ್ನು ಉಳಿದ ಬಟ್ಟೆಯ ಮೇಲೆ ಮುಖಕ್ಕೆ ಮುಖ ಹಚ್ಚಿ ಇಟ್ಟು, ಅದರ ಗುಂಟ ಎರಡನೆಯದನ್ನು ಕತ್ತರಿಸುತ್ತಾರೆ. ಮುಖದ ಮೇಲೆ ಬೆನ್ನು ಇಟ್ಟು ಕತ್ತರಿಸಿದರೆ ಎರಡೂ ಒಂದೇ ಕೈಯ ತೋಳಾಗುತ್ತವೆ. ದೊಡ್ಡವ್ವ ಮುಖದ ಮೇಲೆ ಬೆನ್ನನ್ನು ಇಟ್ಟಳು. ನನಗೆ ಕಂಡಿತು, ಆದರೆ ಅವಳು ತಪ್ಪಬಲ್ಲಳೆಂಬ ಯೋಚನೆಯೇ ಬಾರದೆ ಇದು ಹೊಸ ವಿಧಾನವಿರಬೇಕೆಂದುಕೊಂಡೆ. ಕತ್ತರಿಸಿ ಮುಗಿದ ಮೇಲೆ ಆ ಎರಡು ತುಂಡುಗಳನ್ನು ಮುಖಕ್ಕೆ ಮುಖ ಹಿಡಿದು ನೋಡಿದೆ. ಆಳದ ಬಾಗುಗಳು ಒಂದಕ್ಕೊಂದು ಕೂಡಲಿಲ್ಲ.

“ದೊಡ್ಡವ್ವ, ಎರಡೂ ಎಡಗೈವು ಆಗ್ಯಾವ.”

“ಏನಂದಿ?”

“ತೋಳ. ಎರಡೂ ಎಡಗೈವು.”

“ನಿನ್ನೆ ಮೊನ್ನೆ ಸೂಜಿ ಹಿಡದಾಕಿ, ನನಗ ತೋಳ ಕಲಸಾಕ ಬಂದೀಯೇನ? ನಾ ತೋಳ ಕತ್ತರಸಾಕತ್ತಾಗ ನಿಮ್ಮವ್ವ ಈ ಮನಿ ಹೊಸ್ತಿಲಾ ತುಳದಿದ್ದಿಲ್ಲ. ಏಳ, ದಾರಾ ಪೋಣಸು.”

ನಾನು ದಾರ ಪೋಣಿಸಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ: ತಪ್ಪನ್ನು ನಾನು ಹೊಲಿಗೆಗೆ ಮೊದಲೇ, ಸ್ಪಷ್ಟವಾದ ಮಾತಿನಲ್ಲಿ, ಎರಡು ಸಲ ತಿಳಿಸಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಅವ್ವ ಅದನ್ನು ಕೇಳಿಸಿಕೊಂಡಿದ್ದಳು. ಅವಳು ತೋಳುಗಳ ಕಡೆ ನೋಡಿದಳು, ಆಮೇಲೆ ದೊಡ್ಡವ್ವನ ಮುಖದ ಕಡೆ ಬಹಳ ಹೊತ್ತು ನೋಡಿದಳು, ಮತ್ತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಎರಡು ದಿನದಲ್ಲಿ ಕುಪ್ಪಸ ಸಿದ್ಧವಾಯಿತು. ಬಲಗಡೆಯ ತೋಳನ್ನು ಕೂಡಿಸುವಾಗ ಬಟ್ಟೆ ಮುಂದೆ ಉಬ್ಬಿ ಹಿಂದೆ ಎಳೆಯಿತು. ದೊಡ್ಡವ್ವ ಅದನ್ನು ಬೆರಳಿನಿಂದ ಒತ್ತಿ ಒತ್ತಿ ಸಮ ಮಾಡಿ ಬಖಿಯಾ ಹಾಕಿದಳು. ಆಗ ಅವಳಿಗೆ ಗೊತ್ತಾಯಿತೆಂದು ನನ್ನ ಖಚಿತವಾದ ಅಭಿಪ್ರಾಯ. ಅಷ್ಟರಲ್ಲಿ ಎಳೆ ಬಿದ್ದಾಗಿತ್ತು, ಬಿಚ್ಚುವಂತಿರಲಿಲ್ಲ.

ಕುಬಸದ ದಿನ ನಡುಮನೆಯಲ್ಲಿ ಬೆಳಕಿಂಡಿಯ ಚೌಕದೊಳಗೆ ಮಣೆ ಹಾಕಿ ಅಕ್ಕನನ್ನು ಕೂರಿಸಿದರು. ಮುಧೋಳದಿಂದ ಬೀಗತಿ, ಆಕೆಯ ಕಡೆಯ ಏಳೆಂಟು ಹೆಂಗಸರು ಬಂದಿದ್ದರು. ದೊಡ್ಡವ್ವ ಗೋಡೆಯ ಹತ್ತಿರ, ಎಲ್ಲರ ಹಿಂದೆ ಕುಳಿತಿದ್ದಳು. ಅಕ್ಕನಿಗೆ ಒಳಗೆ ಕುಪ್ಪಸ ತೊಡಿಸಿ ಕರೆತಂದಿದ್ದರು. ಸೆರಗು ಹೊದ್ದಿರುವವರೆಗೆ ಏನೂ ಕಾಣಲಿಲ್ಲ. ಉಡಿ ತುಂಬಲು ಬೀಗತಿ ಮುಂದೆ ಬಾಗಿ, ಎರಡೂ ಕೈಯಿಂದ ಸೆರಗು ಒಡ್ಡೆಂದಳು. ಅಕ್ಕ ಎಡಗೈಯನ್ನು ಮುಂದೆ ತಂದಳು. ಬಲಗೈ ಬರಲಿಲ್ಲ. ಮೊಣಕೈವರೆಗೆ ಬಂದು ನಿಂತಿತು. ಅವಳು ಜಗ್ಗಿದಳು, ಬೆನ್ನ ಮೇಲೆ ಹೊಲಿಗೆ ಬಿಗಿದು ಕಿರ್ ಎಂದಿತು.

“ಯಾಕ ನೀಲವ್ವಾ, ಕೈ ನೋಯಸ್ತೈತಿ?”

“ಇಲ್ಲರೀ ಅತ್ತಿ, ತೋಳ ಬರವಲ್ತು.”

ಬೀಗತಿ ಸೆರಗನ್ನು ಸರಿಸಿದಳು. ಆಕೆಗೂ ಹೊಲಿಗೆ ಬರುತ್ತಿತ್ತು. ಒಂದು ಹೆಗಲನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಕೈಯಲ್ಲಿದ್ದ ಅಕ್ಕಿಯನ್ನು ಮರಳಿ ಮೊರಕ್ಕೆ ಹಾಕಿದಳು.

“ಇವೆರಡೂ ಎಡಗೈ ತೋಳ ಅದಾವಲ್ಲ. ಯಾರು ಕತ್ತರಿಸ್ಯಾರ ಇದನ್ನ?”

ಅದು ಹೊಲಿಗೆಯ ಬಗ್ಗೆ ಕೇಳಿದ ಪ್ರಶ್ನೆಯಲ್ಲವೆಂದು ಹನ್ನೊಂದು ವರ್ಷದ ನನಗೂ ತಿಳಿಯಿತು. ಉತ್ತರ ಬಂದದ್ದು ಗೋಡೆಯ ಕಡೆಯಿಂದ, ಒಂದೇ ಮಾತಿನಲ್ಲಿ.

“ಕಮಲಿ.”

ಬೀಗತಿ ತಿರುಗಿ ನನ್ನನ್ನು ನೋಡಿದಳು. ನಾನು ಲಂಗ ತೊಟ್ಟು, ಆರತಿಯ ತಟ್ಟೆ ಹಿಡಿದು ನಿಂತಿದ್ದೆ. ಮೊದಲು ಆಕೆಯ ಬಾಯಿ ಬಿಗಿದೇ ಇತ್ತು, ಆಮೇಲೆ ಸಡಿಲಾಯಿತು, ಆಮೇಲೆ ಆಕೆ ನಕ್ಕಳು.

“ಈ ಗಿಡ್ಡೀನ? ಅಯ್ಯ, ನಿಮ್ಮ ಮನ್ಯಾಗ ಕೂಸಿನ ಕೈಯಾಗ ಕತ್ತರಿ ಕೊಡತೀರೇನ್ರೀ ಬೀಗತ್ಯಾರ?”

ಈ ಪ್ರಶ್ನೆ ಅವ್ವನಿಗೆ. ನಾನು ಅವ್ವನ ಕಡೆ ನೋಡಿದೆ. ಅವಳಿಗೆ ಎಲ್ಲವೂ ಗೊತ್ತಿತ್ತು. ಅವಳೊಬ್ಬಳು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಿದಳು.

“ಬಾಳ ಹಟಾ ಮಾಡಿದಳ್ರೀ, ಅಕ್ಕನ ಕುಪ್ಪಸಾ ನಾನ ಕತ್ತರಸಬೇಕಂತ. ಏನ ಮಾಡೂದು.”

“ಇರಲಿ ಬಿಡ್ರಿ, ಖಾಸ ತಂಗಿ ಕೈ. ಎಡಾ ಆದರೇನು, ಬಲಾ ಆದರೇನು. ಬಾರಬೇ ಎಡತೋಳ ಕಮಲಿ, ಆರತಿ ತಗೊಂಬಾ.”

ಎಲ್ಲರೂ ನಕ್ಕರು. ಅಕ್ಕ ಒಂದೇ ಕೈಯಿಂದ ಸೆರಗು ಒಡ್ಡಿದಳು, ಇನ್ನೊಂದು ತುದಿಯನ್ನು ಬೀಗತಿಯೇ ಹಿಡಿದುಕೊಂಡಳು, ಉಡಿ ತುಂಬಿತು. ನನಗೆ ಹೆಸರು ಬಿತ್ತು. ಅದು ಬೀಗತಿಯ ಕಡೆಯವರ ಜೊತೆ ಅಂದೇ ಮುಧೋಳಕ್ಕೆ ಹೋಯಿತು, ಅಲ್ಲಿಂದ ಬೀಳಗಿಯ ನೆಂಟರಿಗೆ ಮುಟ್ಟಿತು. ನನ್ನನ್ನು ನೋಡಲು ಬಂದ ಮೊದಲ ಗಂಡಿನ ತಾಯಿ ಕೇಳಿದ ಮೊದಲ ಪ್ರಶ್ನೆ ಅದರದೇ ಆಗಿತ್ತು. ಜಮಖಂಡಿಯ ಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಷ ಅಲ್ಲಿಯ ಗುಮಾಸ್ತನೊಬ್ಬನ ಹೆಂಡತಿ ಮುಧೋಳದವಳೆಂದು ತಿಳಿದಾಗ, ಹೆಸರು ನನಗಿಂತ ಮೊದಲೇ ಬಂದು ಕುಳಿತಿತ್ತು.

ಆ ದಿನ ಬೀಗರು ಹೋದ ಮೇಲೆ ನಾನು ಊಟ ಬಿಟ್ಟೆ. ಮರುದಿನವೂ ಬಿಟ್ಟೆ. ಎರಡನೆಯ ದಿನ ಮಧ್ಯಾಹ್ನ ಅವ್ವ ತಾಟಿನಲ್ಲಿ ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ ಹಾಕಿಕೊಂಡು ನಾನು ಮುಸುಕೆಳೆದು ಮಲಗಿದ್ದ ಮಗ್ಗದ ಕೋಣೆಗೆ ಬಂದಳು. ಅಪ್ಪ ನೂಲು ತರಲು ಹೋಗಿದ್ದ.

“ಏಳ. ಉಣ್ಣ.”

“ನಾ ಕತ್ತರಿಸಿದ್ದಿಲ್ಲ.”

“ನನಗ ಗೊತ್ತೈತಿ.”

“ಮತ್ಯಾಕ ಸುಳ್ಳ ಹೇಳಿದಿ?”

ಅವ್ವ ರೊಟ್ಟಿ ಮುರಿದು ಬೆಣ್ಣೆ ಸವರಿದಳು. ಹೇಳಬೇಕೋ ಬೇಡವೋ ಎಂದು ಅಳೆಯುತ್ತಿದ್ದಳು.

“ದೊಡ್ಡವ್ವಗ ಕಣ್ಣ ಕಾಣಸೂದಿಲ್ಲ ಕಮಲಿ. ಭಾಳ ದಿನದಿಂದ. ಆಕಿ ಯಾರ ಮುಂದೂ ಅಂದಿಲ್ಲ, ನಾನೂ ಅಂದಿಲ್ಲ. ಕುಬಸದ ಖಣಾ ಮುಂಡಿ ಕೈಯಾಗ ಕೆಟ್ಟತು ಅಂತ ಬೀಗತಿ ಬಾಯಾಗ ಒಮ್ಮೆ ಬಂತಂದ್ರ, ಆಮ್ಯಾಲ ಓಣ್ಯಾಗ ಒಂದ ಖಣಾ ಆಕಿ ಕಡೆ ಬರೂದಿಲ್ಲ. ಆಕಿಗೆ ಇರೂದು ಆ ಕತ್ತರಿ ಒಂದ.”

“ಮತ್ತ ನನಗ?”

“ನಿನಗ ಹೆಸರ ತೊಳಕೊಳ್ಳಾಕ ಬೇಕಾದಷ್ಟ ದಿನಾ ಅದಾವ. ಉಣ್ಣ.”

ಈ ಉತ್ತರವನ್ನು ನಾನು ಐವತ್ತಕ್ಕೂ ಹೆಚ್ಚು ವರ್ಷ ತಿರುವಿ ತಿರುವಿ ನೋಡಿದ್ದೇನೆ. ಅವ್ವ ಒಂದು ಕಡೆ ನನ್ನ ಹೆಸರನ್ನಿಟ್ಟು, ಇನ್ನೊಂದು ಕಡೆ ದೊಡ್ಡವ್ವನ ಕತ್ತರಿಯನ್ನಿಟ್ಟು ತೂಗಿದಳು. ಕತ್ತರಿ ಹೆಚ್ಚು ತೂಗಿತು. ಅವಳ ನಿರ್ಣಯ ತಪ್ಪೆಂದು ಸಾಧಿಸಲು ನನ್ನಿಂದ ಆಗಿಲ್ಲ. ತೂಗುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲವೆಂಬ ಆಕ್ಷೇಪವನ್ನೂ ನಾನು ಹಿಂದೆಗೆದುಕೊಂಡಿಲ್ಲ. ಅಂದು ಮಾತ್ರ ಹಸಿವಾಗಿತ್ತು, ಉಂಡೆ.

ಮುಂದಿನ ವಾರದಿಂದ ಅವ್ವ ನನ್ನನ್ನು ದೊಡ್ಡವ್ವನ ಬಲಮಗ್ಗುಲಿಗೆ ಕೂರಿಸಿದಳು. ಓಣಿಯವರು ಅದನ್ನು ಶಿಕ್ಷೆಯೆಂದು ತಿಳಿದರು: ತೋಳು ಕೆಡಿಸಿದ ಹುಡುಗಿ ಸರಿಯಾಗಿ ಕಲಿಯಲೆಂದು. ನನ್ನ ಕೆಲಸ ಬೇರೆ ಇತ್ತು. ಬಂದ ಖಣವನ್ನು ಮೊದಲು ನಾನು ತೆಗೆದುಕೊಳ್ಳುತ್ತಿದ್ದೆ, ಮುಖ ಮೇಲೆ ಮಾಡಿ ಚಾಪೆಯ ಮೇಲೆ ಹರವುತ್ತಿದ್ದೆ, ‘ಹಾಸೇನಿ ದೊಡ್ಡವ್ವ’ ಎನ್ನುತ್ತಿದ್ದೆ. ಎರಡನೆಯ ತೋಳು ಕತ್ತರಿಸುವ ಹೊತ್ತಿಗೆ ಮೊದಲನೆಯದನ್ನು ತಿರುವಿ, ಮುಖಕ್ಕೆ ಮುಖ ಹಚ್ಚಿ, ಅವಳ ಕೈಯನ್ನು ಹಿಡಿಯದೆ, ಬಟ್ಟೆಯ ತುದಿಯನ್ನಷ್ಟೇ ಅವಳ ಬೆರಳಿಗೆ ತಾಗಿಸುತ್ತಿದ್ದೆ. ಯಾಕೆ ಹೀಗೆ ಮಾಡುತ್ತೀ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಬೇಡವೆಂದೂ ಅನ್ನಲಿಲ್ಲ. ತುರಪಿಗೆ ಬೈಯುವುದನ್ನು ಮಾತ್ರ ಬಿಡಲಿಲ್ಲ. ಹೀಗೆ ಆರು ವರ್ಷ ನಡೆಯಿತು. ಒಂದು ಖಣವೂ ಕೆಡಲಿಲ್ಲ. ಹತ್ತಿರದಿಂದ ನೋಡಿ ನೋಡಿ ಕತ್ತರಿಯ ದಾರಿ ನನಗೆ ಮನಸ್ಸಿನಲ್ಲಿ ಕೂತಿತು. ಅವಳ ಕೈ ನಡುಗತೊಡಗಿದ ಮೇಲೆ ಒಂದು ದಿನ ಪೆಟ್ಟಿಗೆಯಿಂದ ಕತ್ತರಿಯನ್ನು ತೆಗೆದು, ಎಣ್ಣೆಯ ಅರಿವೆ ಬಿಚ್ಚಿ, ಹಿಡಿಕೆಯನ್ನು ನನ್ನ ಕಡೆಗೆ ತಿರುಗಿಸಿ ಚಾಪೆಯ ಮೇಲೆ ಇಟ್ಟಳು. ಹೆಸರಿನ ವಿಷಯ ಎತ್ತಲಿಲ್ಲ. ನಾನು ಎಡತೋಳ ಕಮಲಿಯಾಗಿಯೇ ಆ ಕತ್ತರಿಯನ್ನು ಎತ್ತಿಕೊಂಡೆ.

ನೀಲವ್ವನ ಕುಬಸವಾದ ಇಪ್ಪತ್ತನಾಲ್ಕು ವರ್ಷಗಳ ನಂತರ ಅವಳ ಮಗಳು ರೇಣುಕಾ, ಆ ದಿನ ಹೊಟ್ಟೆಯಲ್ಲಿದ್ದ ಕೂಸು, ತಾನೇ ಬಸುರಿಯಾದಳು. ಅವಳ ತವರು ಮುಧೋಳ. ಕುಬಸ ಅಕ್ಕನ ಮನೆಯಲ್ಲಿ. ಕುಪ್ಪಸವನ್ನು ನಾನು ಕತ್ತರಿಸಿ, ಕಟ್ಟಳೆಯಂತೆ ಕೈಯಿಂದಲೇ ಹೊಲಿದು ಜಮಖಂಡಿಯಿಂದ ತಂದಿದ್ದೆ. ರಬಕವಿಯಿಂದ ಅವ್ವ ದೊಡ್ಡವ್ವನನ್ನು ಕೈ ಹಿಡಿದು ಕರೆತಂದಿದ್ದಳು. ಆ ಹೊತ್ತಿಗೆ ದೊಡ್ಡವ್ವನ ಕುರುಡು ಮುಚ್ಚಿಡುವ ವಿಷಯವಾಗಿ ಉಳಿದಿರಲಿಲ್ಲ. ಬೀಗತಿಗೆ ಹಲ್ಲು ಬಿದ್ದಿದ್ದವು, ಬಾಯಿ ಹಾಗೆಯೇ ಇತ್ತು. ತಟ್ಟೆಯಲ್ಲಿಟ್ಟ ಕುಪ್ಪಸವನ್ನು ಕಂಡವಳೇ ಕೂಗಿದಳು.

“ಏನ ಕಮಲವ್ವಾ, ಈ ಸಲನಾದರೂ ಒಂದ ಎಡಾ ಒಂದ ಬಲಾ ಐತೋ, ಇಲ್ಲಾ ಮತ್ತ ಜೋಡ ಎಡಾನ ತಂದೀಯೋ?”

ಹಜಾರದ ತುಂಬ ನಗು ಎದ್ದಿತು. ಗೋಡೆಗೆ ಒರಗಿದ್ದ ದೊಡ್ಡವ್ವ ಕೈ ಚಾಚಿದಳು.

“ತರ್ರಿ ಇಲ್ಲೆ. ನಾ ನೋಡತೇನಿ.”

ಕುಪ್ಪಸವನ್ನು ಅವಳ ತೊಡೆಯ ಮೇಲಿಟ್ಟರು. ಅವಳು ಎರಡೂ ತೋಳುಗಳನ್ನು ಬಿಡಿಸಿ, ಒಂದರ ಮೇಲೊಂದು ಇಟ್ಟು, ಹೆಗಲ ಬಾಗಿನ ಗುಂಟ ಬೆರಳು ನಡೆಸಿದಳು. ನನಗೆ ಬೇಕಾಗಿದ್ದವರೆಲ್ಲ ಆ ಹಜಾರದಲ್ಲಿದ್ದರು: ಬೀಗತಿ, ಅಕ್ಕ, ಅವ್ವ, ದೊಡ್ಡವ್ವ. ಹನ್ನೊಂದನೆಯ ವಯಸ್ಸಿನಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅದು ಬಹಳ ಚಿಕ್ಕ ವಾಕ್ಯ, ಈ ಅಧ್ಯಾಯದ ಮೊದಲಲ್ಲಿ ಅದನ್ನು ಬರೆದಿದ್ದೇನೆ. ಕುಳಿತ ಜಾಗದಿಂದ ಎದ್ದೂ ನಿಂತೆ. ಆಗ ದೊಡ್ಡವ್ವನ ಹೆಬ್ಬೆರಳು ಕಣ್ಣಿಗೆ ಬಿತ್ತು. ಬಾಗನ್ನು ಬಿಟ್ಟು ಅದು ತೋಳಿನ ಬಟ್ಟೆಯ ಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ ಓಡಾಡುತ್ತಿತ್ತು, ಆ ದಿನ ಆಡಿದ ಹಾಗೆಯೇ. ಅವ್ವ ನನ್ನನ್ನು ನೋಡುತ್ತಿದ್ದಳು. ಈ ಸಲ ತೂಗುವ ಕೆಲಸವನ್ನು ಅವಳು ನನಗೆ ಬಿಟ್ಟಿದ್ದಳು.

“ಈ ಸಲ ನೋಡಿ ಕತ್ತರಿಸೇನ್ರೀ ಬೀಗತ್ಯಾರ,” ಎಂದೆ.

ಮತ್ತೆ ನಕ್ಕರು. ರೇಣುಕಾ ಎರಡೂ ಕೈಗಳಿಂದ ಸೆರಗು ಒಡ್ಡಿದಳು. ಮೊದಲ ಸಲ ಆ ತಪ್ಪನ್ನು ನನ್ನ ಮೇಲೆ ಹೊರಿಸಿದ್ದರು, ಎರಡನೆಯ ಸಲ ನಾನಾಗಿ ಹೊತ್ತುಕೊಂಡೆ. ಇವೆರಡನ್ನು ಒಂದೇ ಎಂದು ಯಾರೂ ಬರೆದುಕೊಳ್ಳಬಾರದು.

ಊಟವಾದ ಮೇಲೆ ದೊಡ್ಡವ್ವನನ್ನು ಕೈ ತೊಳೆಸಲು ಹಿತ್ತಲಿಗೆ ಕರೆದುಕೊಂಡು ಹೋದೆ. ತಂಬಿಗೆಯಿಂದ ನೀರು ಹಾಕುತ್ತಿದ್ದೆ. ಅವಳು ಕೈ ಉಜ್ಜುವುದನ್ನು ನಿಲ್ಲಿಸಿದಳು.

“ಕಮಲಿ.”

“ಏನ ದೊಡ್ಡವ್ವ?”

“ಆ ಖಣಾ ಎರಡೂ ಕಡೆ ನುಣ್ಣಗಿತ್ತ ಬೇ.”

“ಹೌದ ದೊಡ್ಡವ್ವ. ಎರಡೂ ಕಡೆ ನುಣ್ಣಗಿತ್ತ.”

“ಹಾಕ ನೀರ.”

ನೀರು ಹಾಕಿದೆ. ಇಷ್ಟೇ ನಡೆದದ್ದು. ಕ್ಷಮೆಯ ಮಾತು ಬರಲಿಲ್ಲ. ಬರುತ್ತದೆಂದು ನಾನು ಕಾಯುತ್ತ ನಿಂತದ್ದು ನಿಜ. ಇಪ್ಪತ್ತನಾಲ್ಕು ವರ್ಷ ನನ್ನ ತಲೆಯ ಮೇಲಿದ್ದ ತಪ್ಪನ್ನು ಅವಳು ಇಳಿಸಿದಳು, ಆದರೆ ತನ್ನ ತಲೆಯ ಮೇಲೆ ಇಟ್ಟುಕೊಳ್ಳದೆ ಖಣದ ಮೇಲೆ ಇಟ್ಟಳು. ಅದು ನ್ಯಾಯವಲ್ಲ. ಆದರೂ ಅದರ ನಂತರ ಆ ಹೆಸರನ್ನು ಯಾರು ಕರೆದರೂ ನನಗೆ ಮೊದಲಿನ ಹಾಗೆ ಎದೆಗೆ ಹತ್ತಲಿಲ್ಲ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ದೊಡ್ಡವ್ವ ಹೋದಳು.

ಮಹಾಲಿಂಗಪುರದ ಊಟದ ಸಾಲಿಗೆ ಮರಳುತ್ತೇನೆ. ಹೋಳಿಗೆ ತಿಂದು ಮುಗಿಸಿದ ಮೇಲೆ ನಾನು ಆ ಸೊಸೆಯ ಕಡೆ ತಿರುಗಿ, ಒಂದು ಮಾತು ತಿದ್ದಬೇಕೆಂದು ಹೇಳಿದೆ.

“ಆ ಖಣಾ ಎರಡೂ ಕಡೆ ನುಣ್ಣಗಿತ್ತ ನೋಡವಾ.”

ಅವಳು ನನ್ನ ಮುಖವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು, ಮುದುಕಿ ಈ ವಯಸ್ಸಿನಲ್ಲೂ ನೆಪ ಹೇಳುತ್ತಾಳೆಂದುಕೊಂಡಳು.

“ಹೌದ ಬಿಡ್ರಿ, ಈಗ ಏನ ಅದರದ. ಅನ್ನಾ ಹಾಕಿಸ್ಕೋರಿ,” ಎಂದಳು.

ಅವಳಿಗೆ ತಿಳಿಯಲೆಂದು ಇಷ್ಟು ಉದ್ದ ಬರೆಯಬೇಕಾಯಿತು. ಅವಳ ಹೆಸರನ್ನು ಇಲ್ಲಿ ಎಲ್ಲಿಯೂ ಹಾಕಿಲ್ಲ. ಹೆಸರು ಹಾಕಿಸಿಕೊಂಡರೆ ಹೇಗಿರುತ್ತದೆಂದು ನನಗೆ ಗೊತ್ತಿದೆ.